ಹದಿನೇಳು ಇಂಚಿನ ಅಳಿಯ

ಕೆಂಪು ಕಾರು ಅಂಗಡಿಯ ಮುಂದೆ ನಿಂತದ್ದೇ ಪುಟ್ಟಸಿದ್ದಯ್ಯ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಕೊಳ್ಳೇಗಾಲದ ಆ ಟೈರ್ ಅಂಗಡಿ ಅವರ ಗೆಳೆಯ ಜಡೇಸ್ವಾಮಿಯದು. "ನಿನ್ ಅಳಿಯ ಆಗೋನು ಇವತ್ತು ಕಾರಿನ ಚಕ್ರ ಬದಲಾಯ್ಸಕ್ಕೆ ಬತ್ತಾವ್ನೆ. ಬೇಕಾರೆ ಬಂದು ನೋಡ್ಕೊ" ಎಂದು ಬೆಳಿಗ್ಗೆ ಫೋನ್ ಮಾಡಿದ್ದ. ಪುಟ್ಟಸಿದ್ದಯ್ಯ ತಿಂಡಿಯನ್ನೂ ತಿನ್ನದೆ ಯಳಂದೂರಿನಿಂದ ಬಸ್ಸು ಹತ್ತಿದ್ದರು.

ಹುಡುಗನ ಹೆಸರು ಮಾದೇಶ; ಪುಟ್ಟಸಿದ್ದಯ್ಯ ಅವನನ್ನು ಫೋಟೊದಲ್ಲಷ್ಟೇ ನೋಡಿದ್ದರು, ಅವನು ಇವರನ್ನು ಕಂಡೇ ಇರಲಿಲ್ಲ. ಹನೂರಿನಲ್ಲಿ ಬ್ಯಾಂಕ್ ಕೆಲಸ. ಜಾತಕ ಕೂಡಿತ್ತು, ಮನೆತನದಲ್ಲಿ ಎತ್ತಿ ಆಡುವಂಥದ್ದೇನೂ ಇರಲಿಲ್ಲ. ಅದೇ ಊರಲ್ಲಿ ಪಶುವೈದ್ಯೆಯಾಗಿದ್ದ ಮಗಳು ಕವಿತ, ಫೋಟೊ ಪೂರ್ತಿ ನೋಡುವ ಮೊದಲೇ ಹೂಂ ಅಂದಿದ್ದಳು. ಅಡ್ಡ ಬಂದದ್ದು ಒಂದು ಕಾರು. ಕಾಮಗೆರೆ ರಸ್ತೆಯಲ್ಲಿ ಬುರ್ರೆಂದು ಹೋದ, ಹಿಂದೆ ರೆಕ್ಕೆ ಇರುವ ಕೆಂಪು ಕಾರಿನಲ್ಲಿ ಮಾದೇಶನನ್ನು ಕಂಡೆ ಎಂದು ನೆಂಟರೊಬ್ಬರು ಕಿವಿ ಊದಿದ್ದರು.

ಪುಟ್ಟಸಿದ್ದಯ್ಯ ನಿವೃತ್ತ ಬಸ್ ಡ್ರೈವರ್. ಮಾದೇಶ್ವರ ಬೆಟ್ಟದ ತಿರುವುಗಳಲ್ಲೇ ಆಯುಸ್ಸು ಸವೆಸಿದವರು. ಮನುಷ್ಯನ ಗುಣ ಅವನ ಟೈರಿನಲ್ಲಿ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಶೋಕಿಗೆ ಚಕ್ರ ಹಾಕಿಸುವವನಿಗೆ ಹೆಣ್ಣು ಕೊಡುವ ಮಾತೇ ಇಲ್ಲ.

"ಮಗಳನ್ನೂ ಒಂದ್ಮಾತು ಕೇಳಿ" ಎಂದಿದ್ದರು ಹೆಂಡತಿ ಲಕ್ಷ್ಮಿದೇವಿ.

"ಅದ್ಕೇನ್ ಗೊತ್ತು? ಬಸ್ಸಲ್ಲಿ ಓಡಾಡೋ ಹೆಣ್ಮಗು" ಎಂದು ಚಪ್ಪಲಿ ಮೆಟ್ಟಿದ್ದರು.

ಮಾದೇಶ ಕಾರಿನಿಂದ ಇಳಿಯಲು ಒದ್ದಾಡುತ್ತಿದ್ದ. ಸೀಟು ಸ್ಟೇರಿಂಗಿನ ಹತ್ತಿರಕ್ಕಿತ್ತು. ಉದ್ದ ಕಾಲಿನ ಹುಡುಗ, ಮೊಣಕಾಲು ಸಿಕ್ಕಿಕೊಂಡಿತ್ತು.

"ಸೀಟು ಇಂದಕ್ಕೆ ತಳ್ಕಳಿ ಸಾ" ಎಂದ ಜಡೇಸ್ವಾಮಿ.

"ಬ್ಯಾಡಿ ಬ್ಯಾಡಿ, ಮುಟ್ಟಿದ್ರೆ ಬೈಸ್ಕೋಬೇಕು. ಕಾರು ನಂದಲ್ಲ."

ಪೇಪರು ಅರ್ಧ ಕೆಳಗಿಳಿಯಿತು.

"ಮತ್ಯಾರ್ದು ಸಾ?"

"ಬೇಕಾದೋರ್ದು. ಅವ್ರಿಗೆ ಬಿಡುವಿಲ್ಲ, ನನ್ನ ಕಳ್ಸವ್ರೆ."

ಪುಟ್ಟಸಿದ್ದಯ್ಯ ಎದ್ದು, ಸುಮ್ಮನೆ ಅಡ್ಡಾಡುವವರಂತೆ ಕಾರಿಗೆ ಒಂದು ಸುತ್ತು ಬಂದರು. ಹಿಂದಿನ ಸೀಟಿನಲ್ಲಿ ಒಣಹುಲ್ಲು ಅಂಟಿದ ಬೂಟು. ಯಾವನೋ ಜಮೀನುದಾರನ ಮಗ, ಅಪ್ಪನ ದುಡ್ಡಲ್ಲಿ ಮೆರೆಯುವವನು ಎಂದು ತೀರ್ಮಾನಿಸಿದರು. ಆದರೂ ಪರೀಕ್ಷೆ ಮುಗಿದಿರಲಿಲ್ಲ. ಪರರ ಕಾರೇ ಆದರೂ ಆರಿಸುವ ಕಣ್ಣು ಇವನದೇ ತಾನೆ?

ಜಡೇಸ್ವಾಮಿ ಹದಿನೇಳು ಇಂಚಿನ ಕರಿ ಅಲಾಯ್ ಚಕ್ರವನ್ನು ಉರುಳಿಸಿಕೊಂಡು ಬಂದ. ಬಿಸಿಲಿಗೆ ಅದು ಮದುವಣಗಿತ್ತಿಯ ಹಾಗೆ ಮಿನುಗಿತು. ಮಾದೇಶ ಅದನ್ನೇ ನೋಡುತ್ತ ನಿಂತ. ಪುಟ್ಟಸಿದ್ದಯ್ಯನವರಿಗೆ ಸಂಬಂಧ ಕೈತಪ್ಪಿತು ಅನ್ನಿಸಿತು.

"ಚೆಂದಾಗದೆ" ಎಂದ ಮಾದೇಶ. "ಆದ್ರೆ ಇದ್ಕೆ ಹಾಕೋ ಟೈರು ಚಪಾತಿ ಹಂಗಿರ್ತದೆ. ನಮ್ಮ ಕಡೆ ಗುಂಡೀಲಿ ಒಂದ್ಸಲ ಇಳಿದ್ರೆ ರಿಮ್ಮೇ ಬೆಂಡು. ಕಂಪ್ನಿ ಕೊಟ್ಟಿರೋದು ಹದಿನೈದು, ಅದೇ ಸೈಜಲ್ಲಿ ತೋರ್ಸಿ. ಮಳೇಲಿ ರೋಡು ಹಿಡ್ಕಳೋ ಟೈರು ಬೇಕು."

ಪುಟ್ಟಸಿದ್ದಯ್ಯ ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. ಇನ್ನು ಮುಖ ಮುಚ್ಚುವ ಅಗತ್ಯ ಅವರಿಗೆ ಕಾಣಲಿಲ್ಲ.

"ಆ ಮೂಲೇಲಿರೋದು ನೋಡಪ್ಪ. ಪಟ್ಟಿ ನಡುವಿನ ಸಂದು ಆಳ್ವಾಗದೆ, ನೀರು ನಿಲ್ಲಲ್ಲ."

"ಹೌದಲ್ವಾ ಯಜಮಾನ್ರೇ! ಪಕ್ಕದ ಗೋಡೇನೂ ಗಟ್ಟಿ ಅದೆ."

ಇಬ್ಬರೂ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ತಯಾರಾದ ವರ್ಷ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು. ಒಂದು ಟೈರನ್ನು ಇಬ್ಬರೂ ಒಟ್ಟಿಗೇ ಬೇಡವೆಂದರು. ಪುಟ್ಟಸಿದ್ದಯ್ಯ ತಾವೇ ಟೀ ತರಿಸಿದರು. ಟೀ ಬರುವಷ್ಟರಲ್ಲಿ ಅವರ ಮನಸ್ಸಿನೊಳಗೆ ಛತ್ರ ಗೊತ್ತಾಗಿ, ಊಟಕ್ಕೆ ಎಲೆಯನ್ನೂ ಹಾಕಿ ಆಗಿತ್ತು.

ಆಗ ಮಾದೇಶನ ಫೋನು ಬಡಿದುಕೊಂಡಿತು.

"ಹೂಂ, ನೋಡ್ದೆ... ಹದಿನೇಳು ಬ್ಯಾಡ ಕಣ್ರೀ... ಫೋಟೊದಲ್ಲಿ ಎಲ್ಲಾ ಚೆಂದಾನೇ ಕಾಣ್ತದೆ... ಅಯ್ಯೋ, ಅದ್ಕೆ ಯಾಕ್ ಕೋಪ?... ಆಯ್ತು, ಕರೀದೇ ಹಾಕ್ಸ್ತೀನಿ." ಅವನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. "ಹದಿನೇಳೇ ಹಾಕ್ಬುಡಿ ಅಣ್ಣ. ಓನರ್ ಹಠ."

"ಯಾವನಲಾ ಅವ್ನು ಓನರ್ರು?" ಪುಟ್ಟಸಿದ್ದಯ್ಯ ಎದ್ದು ನಿಂತರು. "ತತ್ತಾ ಇಲ್ಲಿ."

"ಬ್ಯಾಡಿ ಯಜಮಾನ್ರೇ, ಅವ್ರು—"

ಅಷ್ಟರಲ್ಲಿ ಫೋನು ಅವರ ಕಿವಿಯಲ್ಲಿತ್ತು.

"ನೋಡಪ್ಪಾ, ನಾನ್ಯಾರಾರ ಆಗ್ಲಿ. ಬೆಟ್ಟದ ರೋಡಲ್ಲಿ ಬಸ್ ಓಡ್ಸಿ ತಲೆ ಬೆಳ್ಳಗೆ ಮಾಡ್ಕಂಡೋನು."

ಮಾದೇಶ ಟೀ ಲೋಟವನ್ನು ಕೆಳಗಿಟ್ಟ. ಹಳೆಯ ಟೈರಿನ ಮೇಲೆ ಕುಳಿತು, ಪುಟ್ಟಸಿದ್ದಯ್ಯನವರ ಮುಖವನ್ನೇ ನೋಡತೊಡಗಿದ.

"ಚಪಾತಿ ಟೈರ್ ಆಕಂಡು ಯಾರ್ ಮುಂದೆ ಮೆರೀಬೇಕು ನೀನು? ನಾಳೆ ತಿರುವಲ್ಲಿ ಎಚ್ಚುಕಮ್ಮಿ ಆದ್ರೆ ಎತ್ತೋರು ಯಾರು? ಈ ಉಡುಗ ಬಂಗಾರದಂತೋನು. ಇವ್ನ್ ಮಾತು ಕೇಳು, ಉದ್ಧಾರ ಆಯ್ತೀಯ."

ಪುಟ್ಟಸಿದ್ದಯ್ಯ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಯಾಕೆ, ಬಾಯಿ ಬಿದ್ದೋಯ್ತಾ? ಬುದ್ಧಿ ಏಳೋರು ಯಾರೂ ಇಲ್ವಾ ನಿಂಗೆ? ನಿಮ್ಮಪ್ಪನ್ ನಂಬರ್ ಕೊಡು. ನಾನೇ ಮಾತಾಡ್ತೀನಿ."

ಫೋನಿನಲ್ಲಿ ಎಲ್ಲೋ ಒಂದು ಹಸು ಅಂಬಾ ಎಂದಿತು.

"ಅವ್ರೇ ಮಾತಾಡ್ತಾ ಇರೋದು ಕಣಪ್ಪ" ಅಂದಳು ಕವಿತ.