ಅಮ್ಮನ ಹತ್ತು ಸೆಕೆಂಡು

ತಂಗಿಯ ಮುಖ ಟಿವಿ ಪರದೆಯ ಮೇಲೆ ಚೌಕಚೌಕವಾಗಿ ಒಡೆದುಹೋಯಿತು. ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ನಾಚಿಕೆಯೂ ಆಯಿತು, ಆದರೆ ಸ್ವಲ್ಪ ತಡವಾಗಿ.

ಚಿತ್ರ ನಿಂತುಬಿಟ್ಟಿತು. ಧ್ವನಿ ಮಾತ್ರ ಕರಕರ ಎನ್ನುತ್ತ ಮುಂದೆ ಓಡಿತು. ಕುರ್ಚಿಯಲ್ಲಿದ್ದ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು, ತಪ್ಪೆಲ್ಲ ಕನ್ನಡಕದ್ದೇ ಎಂಬಂತೆ. ಸಂಜೆ ಅವರ ಎಪ್ಪತ್ತೈದನೇ ಹುಟ್ಟುಹಬ್ಬ. ಅಮ್ಮ ತೀರಿಕೊಂಡ ವರ್ಷ ತಂಗಿ ಮನೆಯ ಹಳೆಯ ವಿಡಿಯೋಗಳನ್ನೆಲ್ಲ ಜೋಡಿಸಿ ಮಾಡಿದ ಚಿತ್ರ ಇದು. ಎಂಟು ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ಎಲ್ಲರೂ ಕೂತು ನೋಡುತ್ತಾರೆ. ಈ ಸಲ ಟಿವಿ ಹೊಸದು. ಅದಕ್ಕೆ ಹಳೆಯ ಚಿತ್ರ ಹಿಡಿಸಲಿಲ್ಲ.

"ಅವಳ ದನಿ ಒಂದು ಸಲ ಕೇಳಿಸಿದ್ರೆ ಸಾಕಮ್ಮ ನಂಗೆ," ಎಂದರು ಅಪ್ಪ.

ತಂಗಿ ಬಸ್ಸಿನಲ್ಲಿದ್ದಳು, ಐದು ಗಂಟೆಗೆ ಬರುವವಳು. ಅಕ್ಕ ಫೋನ್ ಮಾಡಿ, ನೀನು ಚಿತ್ರ ಜೋಡಿಸಿದ ಹಳೆಯ ಕಂಪ್ಯೂಟರ್ ಇಲ್ಲೇ ಇದೆಯಲ್ಲ, ಅದರಲ್ಲಿ ತೆರೆದು ನಾನೇ ಸರಿಮಾಡುತ್ತೇನೆ ಎಂದಳು. ತಂಗಿ ಥಟ್ಟನೆ ತಡೆದಳು.

"ಯಾಕಕ್ಕಾ ತೊಂದ್ರೆ, ನಾನು ಬಂದು ನೋಡ್ತೀನಿ. ಮಾಡ್ಲೇಬೇಕು ಅಂದ್ರೆ ಅಮ್ಮನ ಭಾಗ ಒಂದು ಮುಟ್ಬೇಡ. ಅದು ಹೇಗಿದೆಯೋ ಹಾಗೇ ಇರ್ಲಿ."

ಇರದೆ ಏನು? ತಲೆಯ ಮೇಲಿನ ಕಿರೀಟವನ್ನು ಯಾರಾದರೂ ಇನ್ನೊಬ್ಬರ ಕೈಗೆ ಕೊಡುತ್ತಾರೆಯೇ, ಎಂದುಕೊಂಡಳು ಅಕ್ಕ.

ಅಮ್ಮನ ಭಾಗ ಎಂದರೆ ಹತ್ತೇ ಸೆಕೆಂಡು. ಕ್ಯಾಮೆರಾ ಹಿಡಿದವಳು ಅಮ್ಮನೇ. ಮುಖ ಕಾಣುವುದಿಲ್ಲ, ದನಿ ಮಾತ್ರ. ಮೊದಲ ಐದು ಸೆಕೆಂಡು ಅಕ್ಕ ತಲೆ ಬಗ್ಗಿಸಿ ಹೊಲಿಗೆ ಯಂತ್ರ ತುಳಿಯುತ್ತಿರುತ್ತಾಳೆ. ಅಲ್ಲಿಯವರೆಗೆ ಅಮ್ಮ ತುಟಿಪಿಟಕ್ಕೆನ್ನುವುದಿಲ್ಲ. ಆಮೇಲೆ ಕ್ಯಾಮೆರಾ ಕಿಟಕಿಯತ್ತ ಹೊರಳಿ ತಂಗಿಯ ಮುಖದ ಮೇಲೆ ನಿಲ್ಲುತ್ತದೆ. ತಂಗಿ ಜಡೆ ಬಾಚಿಕೊಳ್ಳುತ್ತಿರುತ್ತಾಳೆ. ಆಗ ಅಮ್ಮ ಮೆಲ್ಲಗೆ, ಕ್ಯಾಮೆರಾಕ್ಕಷ್ಟೇ ಗುಟ್ಟು ಹೇಳುವವಳಂತೆ ಹೇಳುತ್ತಾಳೆ: "ಇವಳು ನನ್ನ ಹೊಟ್ಟೇಲಿ ಹುಟ್ಟಿದ್ದು ನನ್ನ ಪುಣ್ಯ. ಇವಳಿಲ್ದಿದ್ರೆ ಈ ಮನೆ ಎಲ್ಲಿರ್ತಿತ್ತು?"

ಆ ದಿನ ಅಕ್ಕನಿಗೆ ಅದು ಕೇಳಿಸಿರಲಿಲ್ಲ. ಯಂತ್ರದ ಸದ್ದಿನಲ್ಲಿ ಏನು ಕೇಳೀತು? ಮೊದಲ ಸಲ ಕೇಳಿದ್ದೇ ತಂಗಿಯ ಚಿತ್ರದಲ್ಲಿ, ಎಲ್ಲರ ನಡುವೆ ಕೂತು. ಜಡೆ ಬಾಚಿಕೊಂಡು ಕೂತವಳಿಂದ ಮನೆ ನಿಂತಿತಂತೆ. ಹಗಲೆಲ್ಲ ಹೊಲಿದು ತಂಗಿಯ ಕಾಲೇಜಿನ ಫೀಸು ಕಟ್ಟಿದವಳು ಯಾರು? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ. ಅದಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಆ ಮಾತಿನ ಹಿಂದಿನ ಕಟಕಟ ಸದ್ದು. ತಂಗಿಯ ಹೊಗಳಿಕೆಗೂ ತನ್ನ ಯಂತ್ರದ್ದೇ ಹಿಮ್ಮೇಳ ಬೇಕಾಯಿತೇ?

ಅಕ್ಕನ ಟೈಲರಿಂಗ್ ಅಂಗಡಿಯ ಪಕ್ಕ ಒಂದು ಸ್ಟುಡಿಯೋ ಇತ್ತು. ಅದರವನಿಗೆ ಫೋನ್ ಹಚ್ಚಿ, ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವಳು ಕಂಪ್ಯೂಟರ್ ಮುಂದೆ ಕೂತಳು. ಅವನು ಒಂದೊಂದಾಗಿ ಹೇಳಿಕೊಟ್ಟ. ಚಿತ್ರ ಒಡೆಯುವುದು ಫೈಲ್ ಭಾರವಾಗಿದ್ದಕ್ಕೆ, ಕೊನೆಯಲ್ಲಿ ಹಗುರ ಮಾಡಿ ತೆಗೆಯಿರಿ. ಕರಕರ ಬರುವುದು ಒಂದೊಂದು ಧ್ವನಿ ಒಂದೊಂದು ಅಳತೆಯಲ್ಲಿರುವುದಕ್ಕೆ, ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಅಳತೆಯ ಮಾತು ಅವಳಿಗೆ ತಕ್ಷಣ ಅರ್ಥವಾಯಿತು.

ಚಿಕ್ಕಪ್ಪನ ಹಾಡಿನಲ್ಲಿ ತುಟಿ ಒಂದು ಕಡೆ, ಹಾಡು ಒಂದು ಕಡೆ ಆಗಿತ್ತು. ಅದನ್ನೂ ಕೇಳಿದಳು.

"ಅಲ್ಲಲ್ಲಿ ಕೆಂಪು ಅಂಕಿ ಕಾಣ್ತಿದ್ಯಾ?"

ಕಾಣುತ್ತಿತ್ತು. ಏಳು, ಹನ್ನೊಂದು, ನೂರಿಪ್ಪತ್ತೈದು, ಮೂರು.

"ಒಟ್ಟಿಗೆ ತೆಗೆದ ಚಿತ್ರ, ಧ್ವನಿ ಎಷ್ಟು ದೂರ ಸರಿದಿವೆ ಅನ್ನೋ ಲೆಕ್ಕ ಅದು, ಇಪ್ಪತ್ತೈದಕ್ಕೆ ಒಂದು ಸೆಕೆಂಡು. ಅದು ತಾನಾಗಿ ಬರಲ್ಲ ಮೇಡಂ, ಯಾರದೋ ಕೈ ತಾಗಿರುತ್ತೆ. ಧ್ವನಿಯನ್ನ ಅದರ ಜಾಗಕ್ಕೆ ತಂದ್ರೆ ಅಂಕಿ ಅಳಿಸಿಹೋಗುತ್ತೆ."

ತಂಗಿಯದು ಮೊದಲಿಂದಲೂ ಅವಸರದ ಕೈ. ಅಕ್ಕ ಚಿಕ್ಕಪ್ಪನ ಹಾಡನ್ನು ಸರಿಸಿದಳು, ಏಳು ಹೋಯಿತು. ಸೋದರಮಾವನ ಭಾಷಣ ಸರಿಸಿದಳು, ಹನ್ನೊಂದು ಹೋಯಿತು. ಚಿತ್ರದ ಕೊನೆಯಲ್ಲಿ ಬರುವ ಮಗುವಿನ ಅಳುವೂ ಅದರ ಬಾಯಿಗೆ ಬಂದು ಕೂತಿತು, ಮೂರು ಹೋಯಿತು. ಅಮ್ಮನ ತುಣುಕಿನ ಹತ್ತಿರ ಮಾತ್ರ ಹೋಗಲಿಲ್ಲ. ಹೋದರೆ ಕೇಳಬೇಕಾಗುತ್ತದೆ.

ನಾಲ್ಕು ಗಂಟೆಗೆ ಉಳಿದದ್ದು ಅದೊಂದೇ. ಕೇಳಿದಳು. ಮತ್ತೆ ಕೇಳಿದಳು. ಮೂರನೆಯ ಸಲ ಕೇಳುವಾಗ ಒಂದು ಕೆಟ್ಟ ಯೋಚನೆ ಬಂತು. ಅಮ್ಮ ಹೆಸರು ಹೇಳಿಲ್ಲ, ಮುಖ ತೋರಿಸಿಲ್ಲ. ಮಾತನ್ನು ಐದು ಸೆಕೆಂಡು ಹಿಂದಕ್ಕೆಳೆದರೆ ಅದು ತನ್ನ ತಲೆಯ ಮೇಲೆ ಬೀಳುತ್ತದೆ. ಅಪ್ಪನಿಗೆ ದನಿ ಕೇಳಿದರೆ ಸಾಕು. ತಂಗಿಗೆ ಗೊತ್ತಾಗುತ್ತದೆ. ಆಗಲಿ. ಎಂಟು ವರ್ಷ ತಾನು ಕೂತ ಹಾಗೆ ಒಂದು ಸಂಜೆ ಅವಳೂ ಎಲ್ಲರ ನಡುವೆ ನಗುಮುಖ ಹೊತ್ತು ಕೂರಲಿ.

ತೀರಿಹೋದವಳ ಮಾತು ಕದಿಯುತ್ತಿದ್ದೇನೆ ಎಂದು ಅನ್ನಿಸಿತು. ಅಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಬಾಗಿಲ ಕಡೆ ಒಂದು ಕಣ್ಣಿಟ್ಟು, ಅಕ್ಕ ಧ್ವನಿಯ ಪಟ್ಟಿಯನ್ನಷ್ಟೇ ಹಿಡಿದು ತನ್ನ ಚಿತ್ರ ಶುರುವಾಗುವ ಅಂಚಿನವರೆಗೆ ಎಳೆದು ಬಿಟ್ಟಳು. ಚಿತ್ರ ಓಡಿಸಿದಳು.

"ಇವಳು ನನ್ನ ಹೊಟ್ಟೇಲಿ ಹುಟ್ಟಿದ್ದು ನನ್ನ ಪುಣ್ಯ," ಎಂದಳು ಅಮ್ಮ. ಪರದೆಯ ಮೇಲೆ ಸೂಜಿ ಏರಿಳಿದಂತೆಲ್ಲ ಕಟಕಟ ಎಂದಿತು. ಅಲ್ಲಿನ ಅಕ್ಕ ದಾರ ಕತ್ತರಿಸಲು ಕಾಲು ತಡೆದಳು, ಸದ್ದೂ ಅಲ್ಲೇ ತಡೆಯಿತು.

ಅಕ್ಕ ಕಣ್ಣು ಕೆಳಗಿಳಿಸಿದಳು. ಅಮ್ಮನ ತುಣುಕಿನ ಮೂಲೆಯಲ್ಲಿ ಎಂಟು ವರ್ಷದಿಂದ ಕೂತಿದ್ದ ಕೆಂಪು ನೂರಿಪ್ಪತ್ತೈದು ಅಳಿಸಿಹೋಗಿತ್ತು.