ಮುಸುಕಿಲ್ಲದೆ ಬಂದವಳು

ಯಾರೋ ಬಾಗಿಲು ಬಡಿದ ಸದ್ದಿಗೆ ಪಾದ್ರಿಗಳ ಪ್ರಾರ್ಥನೆ ಒಂದು ಕ್ಷಣ ತಡವರಿಸಿತು. ಸಭೆಯ ಹಿರಿಯನಿಗೆ ಮೈ ಉರಿದುಹೋಯಿತು. ಆರಾಧನೆ ಶುರುವಾದ ಮೇಲೆ ದೇವಾಲಯದ ಬಾಗಿಲು ತೆರೆಯುವ ಹಾಗಿಲ್ಲ. ಆ ನಿಯಮ ತಂದವನೇ ಅವನು. ಜನ ಬೆನ್ನ ಹಿಂದೆ ಅವನನ್ನು ಚಿಲಕ ಅನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಅವನ ನಿಷ್ಠೆ ಬರೀ ಬಾಯಿಮಾತಲ್ಲ. ಇವತ್ತು ಬೆಳಗ್ಗೆಯೇ ನೋಡಿ. ಮನೆಯ ಚಿಲಕ ಕಿತ್ತುಬಂದಿತ್ತು. ಪಕ್ಕದ ಮನೆಯ ಬಡಗಿ ತಾನಾಗಿಯೇ ಸುತ್ತಿಗೆ ಹಿಡಿದು ಬಂದ. "ಕರ್ತನ ದಿನ ನಮ್ಮ ಮನೇಲಿ ಮೊಳೆ ಹೊಡೆಯೋ ಸದ್ದು ಕೇಳಬಾರದು" ಎಂದು ಹಿರಿಯ ಅವನನ್ನು ವಾಪಸ್ ಕಳಿಸಿದ. ಆಮೇಲೆ ಅಮ್ಮನ ತಲೆ ಬಾಚಿ, ಹಾಲು ಕುಡಿಸಿ, ಅವಳು ಎದ್ದು ಬೀದಿಗೆ ಹೋಗದಿರಲಿ ಎಂದು ಕೊಂಡಿಗೆ ಹೊರಗಿನಿಂದ ನೀಲಿ ದಾರ ಸುತ್ತಿ ಗಂಟು ಹಾಕಿ ಹೊರಟ. "ಪುಟ್ಟ, ಬೇಗ ಬಂದುಬಿಡು" ಅಂದಿದ್ದಳು ಅಮ್ಮ. ಐವತ್ತು ದಾಟಿದವನಿಗೆ ಲೋಕದಲ್ಲಿ ತನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಮತ್ತೆ ಬಡಿತ. ಅವನು ಎದ್ದುಹೋಗಿ ಬಾಗಿಲನ್ನು ಒಂದು ಗೇಣು ತೆರೆದ.

ಹೊರಗೆ ಬಟ್ಟೆ ಹೊಲಿಯುವವಳು ನಿಂತಿದ್ದಳು. ಈಚೆಗಷ್ಟೇ ಸಭೆಗೆ ಸೇರಿದ ವಿಧವೆ. ಕೂದಲು ಕೆದರಿತ್ತು, ತೋಳಿನ ಮೇಲೆ ಕೆಂಪು ಕಲೆ. ಅವನ ಕಣ್ಣು ಮೊದಲು ಹೋದದ್ದು ಬರಿದಾದ ತಲೆಯ ಮೇಲೆ.

"ಮುಸುಕೆಲ್ಲಿ?" ಎಂದು ಪಿಸುಗುಟ್ಟಿದ.

"ತಿರುವಿನಲ್ಲಿ ಬಿದ್ದುಬಿಟ್ಟಿದಾರೆ ಅಯ್ಯಾ. ತಲೆ ಒಡೆದಿದೆ. ಎತ್ತೋಕೆ ಇಬ್ಬರು ಬಂದ್ರೆ ಸಾಕು. ಬೀದೀಲಿ ಒಂದು ನರಪಿಳ್ಳೆಯೂ ಇಲ್ಲ."

ಯಾರು ಎಂದು ಅವನು ಕೇಳಲಿಲ್ಲ. ಅವಳ ಅಣ್ಣನ ಕುಡಿತ ಊರಿಗೇ ಗೊತ್ತಿದ್ದದ್ದು. ಆ ತಿರುವಿನ ಚರಂಡಿಯಲ್ಲಿ ಅವನು ಬೀಳದ ಭಾನುವಾರವೇ ಅಪರೂಪ.

"ಈ ಗೋಳು ಇದ್ದದ್ದೇ. ಆರಾಧನೆ ಮುಗೀಲಿ."

"ಅಷ್ಟು ಹೊತ್ತು ಜೀವ ತಡೆಯಲ್ಲ. ಒಂದ್ಸಲ ಬಂದು ನೋಡಿ..."

"ದೇವರ ಮನೆಗೆ ಬರೋವಾಗ ತಲೆ ಮುಚ್ಕೊಂಡು ಬರಬೇಕು. ಅಷ್ಟೂ ಗೊತ್ತಿಲ್ವಾ?"

ಬಾಗಿಲು ಹಾಕಿದ. ಹೊರಗಿನಿಂದ ಅಂಗೈಯಲ್ಲಿ ಬಡಿದ ಸದ್ದು ಇನ್ನೂ ಸ್ವಲ್ಪ ಹೊತ್ತು ಕೇಳಿತು. ಹಾಡು ಶುರುವಾಯಿತು. ಹಿರಿಯ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ.

ಆಶೀರ್ವಾದವಾದ ಮೇಲೆ, ಅವಳನ್ನು ಚೆನ್ನಾಗಿ ಜಾಡಿಸಲು ನಾಲ್ಕು ಮಾತು ಸಿದ್ಧಮಾಡಿಕೊಂಡೇ ಹೊರಟ. ಮನೆಗೆ ಹೋಗುವ ದಾರಿಯೂ ಅದೇ. ಬೀದಿಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದವರು ತಿರುವಿನಲ್ಲಿ ಒಬ್ಬೊಬ್ಬರಾಗಿ ನಿಂತುಬಿಡುತ್ತಿದ್ದರು. ಇವನನ್ನು ಕಂಡು ದಾರಿ ಬಿಟ್ಟರು, ಮುಖ ಮಾತ್ರ ತಿರುಗಿಸಿಕೊಂಡರು.

ಅವಳ ಅಣ್ಣ ಅಲ್ಲೇ ಇದ್ದ. ಕುಡಿದಿರಲಿಲ್ಲ. ನೀರಿನ ಚೊಂಬು ಹಿಡಿದು ನಿಂತು ಅಳುತ್ತಿದ್ದ.

ನೆಲದ ಮೇಲೆ ಬಟ್ಟೆ ಹೊಲಿಯುವವಳು ಕೂತಿದ್ದಳು, ಮಡಿಲಲ್ಲಿ ಯಾರದೋ ತಲೆ. ಗಾಯಕ್ಕೆ ಒತ್ತಿ ಹಿಡಿಯಲು ಬಿಚ್ಚಿದ್ದ ಮುಸುಕು ಈಗ ಆ ಮುಖವನ್ನು ಪೂರ್ತಿ ಮುಚ್ಚಿತ್ತು. ಪಕ್ಕದಲ್ಲಿ ಸುಕ್ಕುಗಟ್ಟಿದ ಒಂದು ಕೈ. ಬೆರಳುಗಳ ನಡುವೆ ಹರಿದ ನೀಲಿ ದಾರ, ಅವನು ಹಾಕಿದ ಗಂಟು ಹಾಗೇ ಇತ್ತು.

ಅವನು ನೆಲಕ್ಕೆ ಕೂತು ಆ ಗಂಟನ್ನು ಮುಟ್ಟಿ ನೋಡಿದ.

ಆ ಅಜ್ಜಿ ಅವನಿಗೆ ಏನಾಗಬೇಕೆಂದು ತಿಳಿಯದೆ ಬಟ್ಟೆ ಹೊಲಿಯುವವಳು ಮೆಲ್ಲಗೆ ಹೇಳಿದಳು: "'ಪುಟ್ಟ ಪ್ರಾರ್ಥನೆಗೆ ಹೋಗಿದಾನೆ, ಮಧ್ಯದಲ್ಲಿ ಕರೆದ್ರೆ ಅವನಿಗೆ ಸಿಟ್ಟು ಬರತ್ತೆ, ಕರೀಬೇಡಮ್ಮ' ಅಂತ ಕೊನೇವರೆಗೂ ಬೇಡ್ಕೊಂಡ್ರು ಅಯ್ಯಾ, ನಾನೇ ಮಾತು ಕೇಳದೆ ಬಂದು ಬಾಗಿಲು ಬಡಿದೆ."