ಅಪಸ್ವರದ ಬ್ಯಾಂಡು

ವಾದ್ಯಗಳೆಲ್ಲ ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳಲು ಕಲಿತ ಮೇಲೆ ಅಪಸ್ವರವೂ ಗಾಣದ ಎಣ್ಣೆಯ ಹಾಗೆ ಅಪರೂಪದ ಸರಕಾಯಿತು. ಅರವತ್ತು ದಾಟಿದವರು ಸೇರಿ ಹಳೆಯ ವಾದ್ಯಗಳನ್ನೇ ನುಡಿಸುವ ‘ಅರವತ್ತರ ಬ್ಯಾಂಡ್’ ಇಲ್ಲದೆ ಊರಲ್ಲಿ ಒಂದು ಮದುವೆಯೂ ನಡೆಯುತ್ತಿರಲಿಲ್ಲ. ನಿವೃತ್ತ ಲೈನ್‌ಮನ್ ಚಿಕ್ಕಲಿಂಗಯ್ಯನವರ ಕ್ಲಾರಿನೆಟ್ ಕೀಚ್ ಎಂದಾಗಲೆಲ್ಲ ಬೀಗರು ಕಣ್ಣೊರೆಸಿಕೊಂಡು, “ಮನುಷ್ಯರೇ ಊದ್ತಿರೋದು ಕಣ್ರೀ” ಅನ್ನುತ್ತಿದ್ದರು.

ಬುಧವಾರದ ತಾಲೀಮಿನಲ್ಲಿ ಆ ಕ್ಲಾರಿನೆಟ್ ಮೊದಲಿಂದ ಕೊನೆಯವರೆಗೆ ಒಮ್ಮೆಯೂ ಕೀಚ್ ಎನ್ನಲಿಲ್ಲ. ಚಿಕ್ಕಲಿಂಗಯ್ಯನವರಿಗೆ ಖುಷಿಯಿಂದ ಮೈ ಜುಮ್ಮೆಂದಿತು. ಡ್ರಮ್ ಬಾರಿಸುತ್ತಿದ್ದ ಬ್ಯಾಂಡಿನ ಯಜಮಾನಿ ಫಿಲೋಮಿನಾ ಟೀಚರ್ ಕೋಲು ಕೆಳಗಿಟ್ಟರು.

“ಲಿಂಗಯ್ಯೋರೇ, ಮನೇಲಿ ಅಭ್ಯಾಸ ಮಾಡ್ತಿದ್ದೀರಾ?”

“ಇಲ್ಲ ಟೀಚರ್... ಬೆಳಿಗ್ಗೆ ಒಂದ್ ಅರ್ಧ ಗಂಟೆ.”

“ಎಷ್ಟು ದಿನದಿಂದ?”

“ಹನ್ನೊಂದು ವರ್ಷ.”

ಬ್ಯಾಂಡಿನವರೆಲ್ಲ ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸಿ ಕೂತರು.

“ನಾಳಿದ್ದು ಮದುವೆ ಇದೆ. ಹೀಗೆ ಊದಿದ್ರೆ ಮಿಷಿನ್ನು ಅಂತಾರೆ, ನಮ್ಮನ್ಯಾರೂ ಕರೆಯಲ್ಲ,” ಎಂದರು ಟೀಚರ್. ಆಮೇಲೆ ಚಿಕ್ಕಲಿಂಗಯ್ಯನವರ ಬಾಯನ್ನೇ ದಿಟ್ಟಿಸಿ, “ಹಲ್ಲಿನ ಸೆಟ್ಟು ತೆಗೀರಿ,” ಎಂದರು.

ಚಿಕ್ಕಲಿಂಗಯ್ಯನವರು ಸೆಟ್ಟನ್ನೂ ಹನ್ನೊಂದು ವರ್ಷದ ಸಾಧನೆಯನ್ನೂ ಒಂದೇ ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದರು. ಬೊಚ್ಚು ಬಾಯಲ್ಲಿ ಊದಿದರು. ಗಾಳಿ ಎಲ್ಲೆಲ್ಲೋ ಸೋರಿ, ಕ್ಲಾರಿನೆಟ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು.

ಟೀಚರ್ ಎದೆ ಮುಟ್ಟಿಕೊಂಡರು. “ಹಾಂ, ಈಗ ನೋಡಿ ಜೀವ ಬಂತು!”